ಅಪ್ಪನ ಕರಿ ಹಗ್ಗ

ಕೆಂಡಲ್
ಸೋಮವಾರ, ೧೩ ಮೇ ೧೯೫೭

ನನ್ನ ಮುದ್ದು ಅಮ್ಮನಿಗೆ,

ಸುದ್ದಿ ಇದೆ. ಆದರೆ ನಡೆದ ಹಾಗೆಯೇ ಹೇಳುತ್ತೇನೆ, ಕೊನೆಯ ಪುಟಕ್ಕೆ ಹಾರಬೇಡ. ನೆಲ್ಲಿ ಚಿಕ್ಕಮ್ಮನ ಕಾಲು ಹೇಗಿದೆ? ಅವಳು ಬಿದ್ದು ನೀನು ಮೋರ್‌ಕ್ಯಾಂಬ್‌ಗೆ ಓಡಿದ ವಾರವೇ ಕ್ಲಿಫರ್ಡ್ ಹೆಣ್ಣು ಕೇಳಲು ಬರಬೇಕೇ! "ಬರ್ಲಿ, ನಮ್ಮ ಒಲೆ ಮುಂದೆ ಕೂತು ಒಂದು ಪೈಪು ಸೇದ್ಲಿ, ಆಮೇಲೆ ನೋಡೋಣ" ಎಂದಿದ್ದ ಅಪ್ಪ. ನನಗೆ ಶನಿವಾರವಿಡೀ ಊಟ ಸೇರಲಿಲ್ಲ. ಅಪ್ಪ ಬೇಡವೆಂದರೆ ಮದುವೆ ಇಲ್ಲ, ಅದು ನಿನಗೂ ಗೊತ್ತು.

ಭಾನುವಾರ ಕ್ಲಿಫರ್ಡ್ ಪ್ರೆಸ್ಟನ್‌ನಿಂದ ಬಂದ. ಬಸ್ ಕಂಡಕ್ಟರ್ ಸಮವಸ್ತ್ರದ ಹಿತ್ತಾಳೆ ಗುಂಡಿಗಳನ್ನು ಭಾನುವಾರದ ಕೋಟಿಗೂ ಹೊಲಿಸಿಕೊಂಡಿದ್ದಾನೇನೋ, ಅಷ್ಟು ಹೊಳೆಯುತ್ತಿದ್ದ. ಅಪ್ಪ ಹಗ್ಗದ ಹಾಗೆ ಹೊಸೆದ ತನ್ನ ಕರಿ ಹೊಗೆಸೊಪ್ಪು ತೆಗೆದು, ಕಲ್ಲಿನ ಹಲಗೆಯ ಮೇಲೆ ತೆಳ್ಳಗೆ ಬಿಲ್ಲೆ ಕೊಯ್ದು, ಅಂಗೈಯಲ್ಲಿ ಉಜ್ಜಿ, ಒಲೆಯ ಪಕ್ಕ ಒಣಗಿಸಿ, ತನ್ನ ಒಳ್ಳೆಯ ಪೈಪಿಗೇ ತುಂಬಿಕೊಟ್ಟ. ನಿಧಾನ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಸಿಗರೇಟಿನವನ ಚಾಳಿ ಎಲ್ಲಿ ಬಿಡುತ್ತದೆ? ಬಾಯಲ್ಲಿ ಆಡಿಸಿ ಬಿಡಬೇಕಾದ್ದನ್ನು ಎದೆಯೊಳಗೇ ಎಳೆದುಕೊಂಡ. ಒಂದು ಸಲ ಅಲ್ಲ, ಜಂಬಕ್ಕೆ ನಾಲ್ಕು ಸಲ! ಮುಖ ಬಟಾಣಿ ಬಣ್ಣಕ್ಕೆ ತಿರುಗಿತು. ಬಿಕ್ಕಳಿಕೆ ಶುರುವಾಯಿತು. ಎದ್ದು ಹಿತ್ತಲಿಗೆ ಓಡಿದ. ಈ ವಾರ ನಿನ್ನ ರುಬಾರ್ಬ್ ಗಿಡಗಳ ಸಾಲಿನಿಂದ ಏನೂ ಕೊಯ್ಯುವುದು ಬೇಡ, ಅಷ್ಟೇ ಹೇಳುತ್ತೇನೆ.

ಪೈಪು ಮಾತ್ರ ಮೇಜಿನ ಮೇಲೆ ಹೊಗೆಯಾಡುತ್ತಿತ್ತು. ಅಪ್ಪ ಅದನ್ನೇ ನೋಡುತ್ತ ಮುಖ ಗಂಟು ಹಾಕಿಕೊಂಡಿದ್ದ. ಅದು ಆರಿದರೆ ನನ್ನ ಮದುವೆಯೂ ಆರಿತು ಅನ್ನಿಸಿಬಿಟ್ಟಿತು, ಎತ್ತಿಕೊಂಡು ನಾನೇ ಎಳೆದೆ. ಸಣ್ಣ ಸಣ್ಣ ಗುಟುಕು, ನಡುವೆ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ, ಹೇಗೆ ಸೇದಬೇಕೋ ಹಾಗೆ. ಅಪ್ಪ ಬಾಯಿ ಬಿಟ್ಟುಕೊಂಡು ಕೂತ.

"ಯಾರೇ ಹೇಳ್ಕೊಟ್ಟಿದ್ದು ನಿಂಗೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಲಿಫರ್ಡ್ ಗೋಡೆ ಹಿಡಿದುಕೊಂಡು ಒಳಗೆ ಬಂದ. "ಸಾರ್, ನಿಮ್ಮ ಹಗ್ಗ... ಹಿಕ್... ನನ್ ಕೈಲಾಗಲ್ಲ. ಇವತ್ತೂ ಆಗಲ್ಲ, ಮುಂದಕ್ಕೂ ಆಗಲ್ಲ. ಆದ್ರೆ ಎನಿಡ್‌ನ... ಹಿಕ್... ನಂಗೇ ಕೊಡ್ಬೇಕು."

ಅಮ್ಮಾ, ಅಪ್ಪ ನಕ್ಕದ್ದು ನೀನು ಕೇಳಬೇಕಿತ್ತು! ಕಣ್ಣೀರು ಒರೆಸಿಕೊಂಡು, "ಆ ಬೇಕರಿ ಪರ್ಸಿ ನಿನ್ನ ಕೇಳೋಕೆ ಬಂದಾಗ ಪೈಪಿನಲ್ಲಿದ್ದ ಸೊಪ್ಪನ್ನ ಕದ್ದು ಹೂಕುಂಡಕ್ಕೆ ಸುರಿದು, ಭಾಳ ಚೆನ್ನಾಗಿತ್ತು ಅಂದಿದ್ದ. ಈ ಪುಣ್ಯಾತ್ಮ ವಾಂತಿ ಮಾಡ್ಕೊಂಡು ನಿಜ ಹೇಳ್ತಾನೆ! ಕೂತ್ಕೊಳಪ್ಪ. ಮನೇಲಿ ಪೈಪು ಸೇದೋಕೆ ಇವಳೇ ಇದ್ದಾಳಲ್ಲ!" ಎಂದ. ತಾನೇ ಎದ್ದು ಸಕ್ಕರೆ ಸುರಿದ ಚಹಾ ಮಾಡಿಕೊಟ್ಟ. ಅಪ್ಪ ಚಹಾ ಮಾಡಿದ, ಅಮ್ಮಾ!

ಮದುವೆ ಆಗಸ್ಟಿಗೆ. ನನಗೆ ಎಷ್ಟು ಸಂತೋಷವಾಗಿದೆಯೆಂದರೆ ಬೆಳಿಗ್ಗೆ ಅಪ್ಪನ ಬೂಟುಗಳನ್ನೂ ಹಾಡುತ್ತಲೇ ಉಜ್ಜಿದೆ. ಚಿಕ್ಕಮ್ಮನನ್ನು ಬೇಗ ನಡೆಸು, ಬೇಗ ಬಾ.

ನಿನ್ನ ತಲೆಹರಟೆ ಮಗಳು,
ಎನಿಡ್

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು: ಯಾರು ಕಲಿಸಿದ್ದೆಂದು ಅಪ್ಪ ಮತ್ತೆ ಕೇಳಿದ. ಬಟ್ಟೆ ಒಗೆಯುವ ಕೋಣೆಯ ಹಿಂದೆ ನೀನು ಕಲಿಸಿದ್ದೆಂದು ನಾನು ಬಾಯಿ ಬಿಡಲಿಲ್ಲ, ತೀರಿಕೊಂಡ ಅಜ್ಜಿಯ ಮೇಲೆ ಹಾಕಿದೆ. ಅಪ್ಪ ಹೂಂ ಅಂದ. ಈಗ ನಾನು ಬರೆಯುತ್ತಿರುವಾಗ ಬಂದು, ಹಗ್ಗದಿಂದ ಗೇಣುದ್ದ ಕೊಯ್ದು ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟ. "ಇದನ್ನೂ ಕಳ್ಸು. ನಿಮ್ಮಮ್ಮ ತಗೊಂಡು ಹೋಗಿದ್ದು ಇಷ್ಟೊತ್ತಿಗೆ ಮುಗ್ದಿರುತ್ತೆ."