ಎಡಬದಿಯ ಸೀಟು

ಸಂಪಾಜೆ
ಬುಧವಾರ, 17 ಜನವರಿ 1979

ದರ್ಬೆಯ ಹಾರ್ಡ್‌ವೇರ್ ಅಂಗಡಿ ಮಾಲೀಕರೂ ಭಾನುವಾರದ ರೇಸ್ ವೀರರೂ ಆದ ಶ್ರೀ ಉದಯಶಂಕರ ಅವರಿಗೆ,

ಇದುವರೆಗೆ ನಿಮಗೆ ಬರೆದ ಪತ್ರಗಳೆಲ್ಲ ‘ಪ್ರೀತಿಯ’ ಎಂದು ಶುರುವಾಗುತ್ತಿದ್ದವು. ಈ ಸಲ ಆ ಪದ ಬರೆಯಲು ಕೈ ಬರಲಿಲ್ಲ. ನಾನು ಕ್ಷೇಮವಾಗಿದ್ದೇನೆ. ನೀವು ಕೇಳಿಲ್ಲ, ಆದರೂ ತಿಳಿಸುತ್ತಿದ್ದೇನೆ.

ನಾನು ನಿಮ್ಮ ಮನೆ ಬಿಟ್ಟು ಅಪ್ಪನ ಮನೆಗೆ ಬಂದು ಎಂಟು ತಿಂಗಳಾಯಿತು. ಈ ಎಂಟು ತಿಂಗಳಲ್ಲಿ ನಿಮ್ಮಿಂದ ಬಂದದ್ದು ಒಂದೇ ಒಂದು ಇನ್‌ಲ್ಯಾಂಡ್ ಪತ್ರ. ಪೋಸ್ಟ್‌ಮ್ಯಾನ್ ಕುಕ್ಕಪ್ಪ ಅದನ್ನು ಬೇಲಿಯ ದಣಪೆಯ ಹತ್ತಿರದಿಂದಲೇ ಎತ್ತಿ ಹಿಡಿದು, “ಪಂಕಜಕ್ಕಾ, ಪುತ್ತೂರಿಂದ ಬಂತು! ಇವತ್ತು ನೀವು ಪಾಯಸ ಮಾಡ್ಲೇಬೇಕು” ಎಂದು ಕೂಗಿದ. ಅಪ್ಪ ಬೀಡಿ ಆರಿಸಿ ಎದ್ದು ನಿಂತರು. ನಾನು ಸೆರಗಿಗೆ ಕೈ ಒರೆಸಿಕೊಂಡು ಬಿಡಿಸಿದೆ. ಒಳಗೆ ಏನಿತ್ತು? ಹೆರಾಲ್ಡ್ ಕಾರು ಇಟ್ಟುಕೊಳ್ಳುವುದೋ, ಅದನ್ನು ಕೊಟ್ಟು ಎಂಜಿ ತರುವುದೋ, ನೀನು ಯೋಚಿಸಿ ಬರೆ ಎಂದಿತ್ತು. ಕೊನೆಗೆ, ಹೆರಾಲ್ಡಿನ ಎಡ ಸೀಟಿನ ನಾಲ್ಕು ಬೋಲ್ಟು ಕಾಣುತ್ತಿಲ್ಲ, ನಿನಗೇನಾದರೂ ಗೊತ್ತುಂಟಾ ಎಂದಿತ್ತು. ಉಳಿದ ಅರ್ಧ ಹಾಳೆ ಖಾಲಿ.

ಏನು ಬರೆದಿದ್ದಾರೆ ಎಂದು ಅಪ್ಪ ಕೇಳಿದರು. ಕಾರಿನ ಕ್ಷೇಮಸಮಾಚಾರ ಎಂದೆ. ಪಾಯಸ ಮಾಡಲಿಲ್ಲ.

ಹೆಂಡತಿ ಬೇಡ, ಹೆಂಡತಿಯ ಸಲಹೆ ಬೇಕು. ಇರಲಿ. ತ್ಯಾಂಪಣ್ಣನ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಡುವವಳಲ್ಲ. ಅಪ್ಪ ಮರದ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಅವರ ಪಕ್ಕ ಕೂತು ಘಾಟಿ ಹತ್ತಿ ಇಳಿದೇ ನಾನು ದೊಡ್ಡವಳಾದದ್ದು. ಇಂಜಿನ್ ಏನು ಬೇಡುತ್ತದೆ ಎಂಬುದು ನನಗೆ ಹಸಿದ ಮಗುವಿನ ಅಳುವಷ್ಟೇ ಸ್ಪಷ್ಟ. ನೀವು ನನ್ನನ್ನು ಮೆಚ್ಚಿ ಮದುವೆಯಾದದ್ದೂ ಅದಕ್ಕೇ ಎಂದು ಒಮ್ಮೆ ಹೇಳಿದ್ದಿರಿ. ಈಗ ಮರೆತಿರಬಹುದು.

ನಿಮ್ಮ ಎಂಜಿಯ ಸದ್ದು ನಾನು ಕೇಳಿದ್ದೇನೆ. ಗಾಬರಿಯಾಯಿತೇ? ಡಿಸೆಂಬರಿನಲ್ಲಿ ಅದನ್ನು ನೋಡಲು ಮಡಿಕೇರಿಯಾಚೆಯ ಕಾಫಿ ತೋಟಕ್ಕೆ ಹೋದವರು, ಪರೀಕ್ಷೆಗೆಂದು ನಮ್ಮ ಮನೆಯ ಕೆಳಗಿನ ತಿರುವಿನವರೆಗೂ ಓಡಿಸಿಕೊಂಡು ಬಂದಿರಿ. ನಾನು ಜಗಲಿಯಲ್ಲಿ ಹಪ್ಪಳಕ್ಕೆ ಹಿಟ್ಟು ನಾದುತ್ತಿದ್ದೆ. ಗೊತ್ತಿಲ್ಲದ ಇಂಜಿನ್, ಗೊತ್ತಿರುವ ಕಾಲು. ಆ ತಿರುವಿನಲ್ಲಿ ಎಲ್ಲರೂ ಎರಡನೇ ಗಿಯರಿಗೆ ಇಳಿಸುತ್ತಾರೆ, ಇಳಿಸದೆ ಮೂರನೆಯದರಲ್ಲೇ ಇಂಜಿನನ್ನು ಒದ್ದಾಡಿಸುವವರು ನೀವೊಬ್ಬರೇ. ಎದ್ದು ನೋಡಿದೆ. ಕೆಂಪು ಕಾರು, ಎರಡೇ ಸೀಟು, ಎಡಗಡೆ ನಿಮ್ಮ ರೇಸಿನ ಗೆಳೆಯ ಸರ್ವೋತ್ತಮ ತಲೆಗೆ ಮಫ್ಲರ್ ಸುತ್ತಿಕೊಂಡು ರಾಜನ ಹಾಗೆ ಕೂತಿದ್ದ. ನೀವು ತಲೆ ಎತ್ತಿ ಮನೆಯ ಕಡೆ ನೋಡಿದಿರಿ. ಆಮೇಲೆ ತಿರುಗಿಸಿಕೊಂಡು ಹೋದಿರಿ. ಒಳಗೆ ಬಂದು ಒಂದು ಲೋಟ ನೀರು ಕುಡಿದು ಹೋಗಿದ್ದರೆ ಯಾರೂ ನಿಮ್ಮನ್ನು ಕಟ್ಟಿ ಹಾಕುತ್ತಿರಲಿಲ್ಲ.

ನನ್ನನ್ನು ಕೂರಿಸಿದರೆ ಭಾರ, ಸರ್ವೋತ್ತಮನನ್ನು ಕೂರಿಸಿದರೆ ಭಾರವಲ್ಲ. ಅವನು ನನ್ನ ಎರಡರಷ್ಟು ತೂಗುತ್ತಾನೆ.

ಆ ಭಾರದ ಮಾತನ್ನು ನಿಮ್ಮ ತಲೆಗೆ ತುಂಬಿದವನೂ ಅವನೇ. ಕಡಬದಾಚೆಯ ಪದವಿನ ಬೋಳು ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ನೀವೆಲ್ಲ ರೇಸ್ ಶುರುಮಾಡಿದ ಮೊದಲ ವರ್ಷ ನಾನು ನಿಮ್ಮ ಎಡಕ್ಕೆ ಕೂತಿದ್ದೆ. ನಾನು ಮೊಣಕೈ ತಟ್ಟಿದರೆ ಗಿಯರ್, ಭುಜ ತಟ್ಟಿದರೆ ಎಡದಿಂದ ಕಾರು. ಆ ವರ್ಷ ರೇಸಿನ ಕಪ್ ಬಂದದ್ದು ನಮಗೆ. ಬಹುಮಾನ ಕೊಡುವಾಗ ಸರ್ವೋತ್ತಮ ನಗಾಡಿಕೊಂಡು, “ಎಂತ ಮಾರಾಯ, ಹೆಂಡತಿಯನ್ನು ಹೊತ್ತುಕೊಂಡೇ ಇಷ್ಟು ಓಡಿಸ್ತಿಯಲ್ಲ, ಇಳಿಸಿದರೆ ನಿನ್ನನ್ನು ಹಿಡಿಯುದು ಯಾರು?” ಎಂದ. ಅವನು ತಮಾಷೆಗೆ ಹೇಳಿದ್ದು. ನೀವು ಮನೆಗೆ ಬಂದು ಮೆಕ್ಯಾನಿಕ್ ಇಬ್ರಾಹಿಂನನ್ನು ಕರೆಸಿದಿರಿ. ಹಿಂದಿನ ಸೀಟು ಬಿಚ್ಚಿಸಿದಿರಿ, ಟಾಪು ಬಿಚ್ಚಿಸಿದಿರಿ. ಕೊನೆಗೆ ನನ್ನ ಸೀಟು. “ಅದೊಂದು ಇರ್ಲಿ ಧಣಿ, ಅಕ್ಕ ಕೂತ್ಕೊಳ್ಳುವ ಜಾಗ ಅಲ್ವಾ” ಎಂದು ಪಾಪ ಇಬ್ರಾಹಿಂ ಹೇಳಿದ. ನೀವು ಸ್ಪ್ಯಾನರ್ ಅವನ ಕೈಯಿಂದ ಕಿತ್ತುಕೊಂಡು ನೀವೇ ಬಿಚ್ಚಿದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ.

ಅದನ್ನೂ ಸಹಿಸಿಕೊಂಡೆ. ಸುಳ್ಯದ ಮದುವೆಯನ್ನು ಸಹಿಸಲಾರೆ.

ನಿಮ್ಮ ಮಾವನ ಮಗಳ ಮದುವೆ. ಸೀಟು ಹಾಕಿ, ಹೋಗಿಬರುವಾ ಎಂದು ಹಿಂದಿನ ದಿನವೇ ಕೇಳಿಕೊಂಡೆ. ನೀವು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪುಂಟು: “ಒಂದು ದಿವಸಕ್ಕೆ ಎಂತ ಹಾಕುದು, ಪುನಃ ಎಂತ ಬಿಚ್ಚುದು? ಊಟದ ಮಣೆ ಇಟ್ಟು ಕೂತುಕೊ.” ಕೂತುಕೊಂಡೆ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಾರಿನ ತಳದಲ್ಲಿ ಮಣೆಯ ಮೇಲೆ. ಪ್ರತಿ ತಿರುವಿಗೂ ಮಣೆ ಜಾರುತ್ತಿತ್ತು. ನಿಮ್ಮ ಸ್ಪ್ಯಾನರು, ನಟ್ಟು, ಬೋಲ್ಟು ಎಲ್ಲ ನನ್ನ ಕಾಲಡಿಯಲ್ಲಿ ಉರುಳಾಡುತ್ತಿದ್ದವು. ಚಪ್ಪರದ ಮುಂದೆ ಕಾರು ನಿಂತಾಗ ನಿಮ್ಮ ಅತ್ತೆ ಮೋಹಿನಿ, “ಉದಯ ಒಬ್ಬನೇ ಬಂದದ್ದಾ? ಪಂಕಜಾಕ್ಷಿ ಎಲ್ಲಿ?” ಎಂದು ಕೇಳಿದರು. ನಾನು ಕೆಳಗಿನಿಂದ ಎದ್ದೆ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಅವರು ನಕ್ಕದ್ದಕ್ಕೆ ನನಗೆ ಸಿಟ್ಟಿಲ್ಲ, ನಾನಾದರೂ ನಗುತ್ತಿದ್ದೆ. ನೀವು ಬಾಗಿಲು ತೆಗೆದು ಕೈ ಕೊಡುವ ಬದಲು ಎಲ್ಲರಿಗೂ ಕೇಳುವ ಹಾಗೆ, “ಅನಗತ್ಯ ಭಾರ ಎಲ್ಲ ಇಳಿಸಿಯಾಯ್ತು” ಎಂದಿರಿ.

ಹಾಗಾಗಿ ಇಳಿದೆ. ಊಟದ ಎಲೆಗೂ ಕೂರದೆ ಸಂಪಾಜೆಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕಂಡಕ್ಟರ್ ಸಂಕಪ್ಪ ಒಬ್ಬ ಹುಡುಗನನ್ನು ಎಬ್ಬಿಸಿ, “ಕೂತುಕೊಳ್ಳಿ ಅಕ್ಕಾ” ಎಂದ. ಆಗ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಈಗ ಕಾರಿನ ವಿಷಯ. ನನ್ನ ಸೀಟು ಹೋದ ಮೇಲೆ ನೀವು ಒಂದೇ ಒಂದು ರೇಸ್ ಗೆದ್ದಿಲ್ಲ. ಇದು ನಿಮ್ಮ ಅಮ್ಮ, ನನ್ನ ಅತ್ತೆ ಹೇಳಿದ್ದು. ನೆಟ್ಟಣದ ತಂಗಿಯ ಮನೆಗೆಂದು ಹೇಳಿ ಹೊರಡುತ್ತಾರಲ್ಲ, ಅವರು ಬರುವುದು ಇಲ್ಲಿಗೆ. ಅದಕ್ಕಾಗಿ ಅವರ ಮೇಲೆ ರೇಗಿದರೆ ಜೋಕೆ. ಸೋತದ್ದಕ್ಕೆ ಈಗ ಹೆರಾಲ್ಡಿನ ಮೇಲೆ ತಪ್ಪು ಹೊರಿಸುತ್ತಿದ್ದೀರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎಂಜಿ ಒಳ್ಳೆಯ ಕಾರೇ. ತಗ್ಗು, ಚುರುಕು, ನೆಲ ಕಚ್ಚಿಕೊಂಡು ತಿರುಗುತ್ತದೆ. ತಿರುವಿನಿಂದ ಏರಿಗೆ ಎದ್ದ ರಭಸ ಕೇಳಿ ಅಪ್ಪನೂ ತಲೆದೂಗಿದರು. ಹೆರಾಲ್ಡಿಗೆ ಆ ರಭಸವಿಲ್ಲ. ಆದರೆ ಅದು ಗಿಡ್ಡ ಜಾಗದಲ್ಲಿ ಬುಗುರಿಯ ಹಾಗೆ ತಿರುಗುತ್ತದೆ, ಪದವಿನ ಹರಳುಕಲ್ಲಿನ ಮೇಲೆ ಜಾರಿದರೂ ಮೊದಲೇ ಸೂಚನೆ ಕೊಟ್ಟು ಜಾರುತ್ತದೆ. ಬೇರೆ ಯಾರಾದರೂ ಕೇಳಿದ್ದರೆ ಎಂಜಿ ತೆಗೆದುಕೊಳ್ಳಿ ಎನ್ನುತ್ತಿದ್ದೆ.

ನಿಮಗೆ ಹಾಗೆ ಹೇಳಲಾರೆ. ನಿಮ್ಮ ಎಡಗಿವಿ ಕೇಳಿಸುವುದಿಲ್ಲ. ಇದು ಗೊತ್ತಿರುವುದು ನಿಮಗೆ ಮತ್ತು ನನಗೆ. ಅತ್ತೆಗೂ ಗೊತ್ತಿಲ್ಲ. ಇಷ್ಟು ಸಿಟ್ಟಿನಲ್ಲೂ ನಾನು ಅಪ್ಪನಿಗೆ ಹೇಳಲಿಲ್ಲ, ಅದನ್ನು ನೀವು ಗಮನಿಸಬೇಕು. ಎಂಜಿಯ ಇಂಜಿನ್ ಬಲಗಿವಿಯನ್ನೂ ತುಂಬಿಬಿಡುತ್ತದೆ. ಪದವಿನ ಧೂಳಿನಲ್ಲಿ ಕನ್ನಡಿ ಕಾಣುವುದಿಲ್ಲ. ಎಡದಿಂದ ಒಬ್ಬ ನುಗ್ಗಿ ಬಂದರೆ ನಿಮಗೆ ಗೊತ್ತಾಗುವುದು ಡಿಕ್ಕಿಯಾದ ಮೇಲೆ. ಸರ್ವೋತ್ತಮ ನಿಮ್ಮ ಭುಜ ತಟ್ಟುತ್ತಾನೆಯೇ? ಅವನಿಗೆ ವಿಷಯವೇ ಗೊತ್ತಿಲ್ಲ. ನೀವು ಸತ್ತರೆ ನಾನು ನಿಮ್ಮನ್ನು ಬೈಯುವುದು ಯಾರಲ್ಲಿ ಹೋಗಿ?

ನೀವು ಬಿಚ್ಚಿ ಎಸೆದದ್ದು ಸೀಟಲ್ಲ, ನಿಮ್ಮ ಕಿವಿ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ತೋಟದವರು ಹೆರಾಲ್ಡನ್ನು ಬದಲಿಗೆ ತೆಗೆದುಕೊಳ್ಳಬೇಕಾದರೆ ಸೀಟು ಕೂರಿಸಿ ಕೊಡಬೇಕು, ಬೋಲ್ಟು ಸಿಗದೆ ಕೆಲಸ ನಿಂತಿದೆ ಎಂದು ಬರೆದಿದ್ದೀರಿ. ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಬೋಲ್ಟು ತುಂಬಿಕೊಂಡವರು ಸಂಪಾಜೆಯ ಹೆಂಗಸಿನ ಹತ್ತಿರ ನಾಲ್ಕು ಬೋಲ್ಟು ಕೇಳುತ್ತೀರಿ. ನಾನು ಅಷ್ಟು ದಡ್ಡಿಯಲ್ಲ. ಬರಬೇಕೆನಿಸಿದರೆ ಬರುತ್ತೇನೆ ಎಂದು ಬರೆಯಿರಿ. ತಪ್ಪಾಯಿತು ಎಂದು ಬರೆದರೆ ಕೈ ಸೇದಿಹೋಗುವುದಿಲ್ಲ. ಬೋಲ್ಟಿನ ಹಿಂದೆ ಅಡಗಿ ಕೂರುವ ಗಂಡಸನ್ನು ನಾನು ಇದೇ ಮೊದಲು ನೋಡಿದ್ದು.

ಅತ್ತೆಗೆ ನಮಸ್ಕಾರ ತಿಳಿಸಿ. ಅವರ ಮಂಡಿಗೆ ಎಣ್ಣೆ ಮುಗಿದಿರಬೇಕು, ತಂದುಕೊಡಿ. ಮಗನಾಗಿ ಅಷ್ಟಾದರೂ ಮಾಡಿ.

ಇತಿ,
ನಿಮ್ಮ ಅನಗತ್ಯ ಭಾರ,
ಪಂಕಜಾಕ್ಷಿ

ಮರೆತ ಮಾತು: ಬೋಲ್ಟುಗಳು ನನ್ನ ಹತ್ತಿರ ಉಂಟು. ಅವತ್ತು ಸುಳ್ಯದ ದಾರಿಯಲ್ಲಿ ಕಾಲಡಿಗೆ ಉರುಳಿ ಬಂದವನ್ನು ಒಂದೊಂದಾಗಿ ಹೆಕ್ಕಿ ಸೆರಗಿಗೆ ಕಟ್ಟಿಕೊಂಡೆ. ಇನ್ನು ಆ ಜಾಗದಲ್ಲಿ ಬೇರೆ ಯಾರೂ ಕೂರಬಾರದು ಎಂದು. ತುಕ್ಕು ಹಿಡಿಯದ ಹಾಗೆ ತೆಂಗಿನೆಣ್ಣೆ ಹಚ್ಚಿಟ್ಟಿದ್ದೇನೆ. ಅಂಚೆಯಲ್ಲಿ ಕಳುಹಿಸುವುದಿಲ್ಲ. ಫೆಬ್ರವರಿ ನಾಲ್ಕರ ಭಾನುವಾರ ಬೆಳಿಗ್ಗೆ ಮಾತ್ರ ಕೊಡುತ್ತೇನೆ. ಅದೇ ಹೊತ್ತಿಗೆ ಪದವಿನಲ್ಲಿ ನಿಮ್ಮ ವರ್ಷದ ಮೊದಲ ರೇಸ್ ಎಂಬುದು ನನಗೆ ಚೆನ್ನಾಗಿ ಗೊತ್ತು. ಬರುವುದಾದರೆ ಸೀಟನ್ನು ಕಾರಿನಲ್ಲಿ ಹೇರಿಕೊಂಡು ಬನ್ನಿ, ಇಲ್ಲೇ ಬಿಗಿಯಬಹುದು, ಸ್ಪ್ಯಾನರ್ ಅಪ್ಪನದ್ದು ಉಂಟು. ಕೆಳಗಿನ ತಿರುವಿಗೆ ಯಾವ ಕಾರು ಬಂತೆಂದು ನನಗೆ ಜಗಲಿಯಿಂದಲೇ ಕೇಳಿಸುತ್ತದೆ. ಹೆರಾಲ್ಡ್ ಆದರೆ ಚಹಾಕ್ಕೆ ನೀರಿಡುತ್ತೇನೆ. ಎಂಜಿ ಆದರೆ, ಹೋದ ಸಲದ ಹಾಗೆ ಅಲ್ಲಿಂದಲೇ ತಿರುಗಿಸಿಕೊಂಡು ಹೋಗಿ.