ಕುಂದಾಪುರದಲ್ಲಿ ಒಳ್ಳೆಯ ಲಾಡ್ಜ್ ಯಾವುದು?

ಹಟ್ಟಿಯಂಗಡಿ,
ನವೆಂಬರ್ 18, 2025

ಪ್ರೀತಿಯ ತಂಗಿ ಗುಲಾಬೀ,

ಹೇಗಿದ್ದಿ? ಮಗ ಉಲ್ಲಾಸ್, ಸೊಸೆ ನಿಶ್ಮಿತಾ ಚೆನ್ನಾಗಿದ್ದಾರಷ್ಟೆ? ಬೊಂಬಾಯಿಯ ಅವರ ಹೊಸ ಫ್ಲ್ಯಾಟಿನ ಗೃಹಪ್ರವೇಶದ ಫೋಟೋ ನೋಡಿದೆ. ಎಲ್ಲರೂ ಚಾಪೆಯ ಮೇಲೆ ಊಟಕ್ಕೆ ಕೂತಿದ್ದಾರೆ, ನೀನೊಬ್ಬಳು ಮಾತ್ರ ಕುರ್ಚಿಯಲ್ಲಿ, ಸಾಕ್ಷಾತ್ ರಾಜಮಾತೆ! ಭಲೆ, ಭಲೆ ಎಂದೆ. ಒಳಗಿನಿಂದ ನಿನ್ನ ಅತ್ತಿಗೆ ವನಜ, "ಎಂತ ಕೂಗುದ್, ದಿಬ್ಬಣ ಬಂತಾ?" ಎಂದಳು. ನಾವಿಬ್ಬರೂ ಕ್ಷೇಮ. ನನ್ನ ಗಂಟಲು ಮೊದಲಿನಂತೆಯೇ ಇದೆ, ಅವಳ ಕಿವಿ ಮೊದಲಿನಂತಿಲ್ಲ. ಯುವಕ ಮಂಡಲದ ನಾಟಕಗಳಲ್ಲಿ ಮೈಕಿಲ್ಲದೆ ರಾಜಪಾರ್ಟು ಮಾಡಿದ ಈ ಸ್ವರ ಫೋನಿನ ಸಣ್ಣ ತೂತಿನಲ್ಲಿ ಹಿಡಿಸುವುದಿಲ್ಲ ಎಂದು ಕಾಗದ ಬರೆಯುತ್ತಿದ್ದೇನೆ.

ನಿನ್ನ ಮೆಸೇಜು ತಲುಪಿತು. "ಅಣ್ಣಯ್ಯ, ಮುಂದಿನ ತಿಂಗಳು ಮೂರು ದಿನ ಊರಿಗೆ ಬತ್ತೆ. ಕುಂದಾಪುರದಲ್ಲಿ ಒಳ್ಳೆ ಲಾಡ್ಜ್ ಯಾವ್ದು? ನಿಶ್ಮಿತಾಳಿಗೆ ಎಂತೆಂತ ತೋರಿಸ್ಲಕ್ಕ್?" ಓದಿದೆ. ಅಳಿಯಕಟ್ಟಿನ ನಮ್ಮ ಕುಟುಂಬದಲ್ಲಿ ಮನೆ ಹೆಣ್ಣುಮಕ್ಕಳದ್ದು, ಅಂದರೆ ನಿನ್ನದು. ನಾನು ನಿನ್ನ ಮನೆಯಲ್ಲಿ ದೀಪ ಹಚ್ಚಿಕೊಂಡು ಕೂತವನು. ಮನೆಯ ಒಡತಿಯೇ ಬಾಡಿಗೆಯ ಕೋಣೆ ಕೇಳಿದರೆ ಕಾವಲಿನವನು ಎಂತ ಹೇಳುವುದು? ನನಗೆ ಬೇಸರವೇನಿಲ್ಲ. ವನಜ ಮಾತ್ರ, "ನನ್ನ ಅಡ್ಗಿ ರುಚಿ ಆಯ್ಲಿಲ್ಯಾ ಕಾಂತ್" ಎಂದಳು. ಇರಲಿ. ಕೇಳಿದ್ದಕ್ಕೆ ಉತ್ತರಿಸುವುದು ನನ್ನ ಪಾತ್ರ. ಆ ಪಾತ್ರಕ್ಕೆ ಬಣ್ಣ ಹಚ್ಚಿಕೊಂಡು ಹೊರಟೆ.

ನೋಡದೆ ಹೇಳುವ ಜನ ನಾನಲ್ಲ. ಇಸ್ತ್ರಿ ಪಂಚೆ ಉಟ್ಟು ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿಗೆ ಹೋಗಿ, ಕೋಣೆ ತೋರಿಸಿ ಎಂದೆ. ಮಂಚದಲ್ಲಿ ಮಲಗಿ ನೋಡಿದೆ. ಬಸ್ಸಿನವರ ಸೀಟಿಯೆಲ್ಲ ತಲೆದಿಂಬಿನೊಳಗೇ ಕೇಳಿಸುತ್ತದೆ, ಬೇಡ. ಕೋಡಿಯ ಕಡಲ ಬದಿಯದ್ದು ಚಂದ, ಗಾಳಿ ಧಾರಾಳ. ಆದರೆ ಮೆಟ್ಟಿಲು ಹತ್ತಿ ಹತ್ತಿ ನನಗೇ ಅಂಕ ಮುಗಿದಂತಾಯಿತು. ಕೊನೆಗೆ ಹೈವೇ ಬದಿಯದ್ದು. ಅಲ್ಲಿ ಮ್ಯಾನೇಜರ್ ಯಾರು ಗೊತ್ತುಂಟಾ? ನಮ್ಮ ಮಂಡಲದಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಲೀಲಾಧರ! ನನ್ನನ್ನು ನೋಡಿದವನೇ ಕೌಂಟರಿನಿಂದ ಇಳಿದು ಬಂದು, "ಹ್ವಾಯ್ ಭೋಜಣ್ಣ, ಎಂತ ಮಾರಾಯ್ರೆ, ವನಜಕ್ಕ ಹೊರ್ಗ್ ಹಾಕಿದ್ರಾ?" ಎಂದು ಕಿವಿಯಲ್ಲಿ ಕೇಳಿದ. ನಾನು ಉತ್ತರವನ್ನು ಕಿವಿಯಲ್ಲಿ ಹೇಳಬೇಕಿತ್ತು. ನನ್ನ ಸ್ವರ ನಿನಗೆ ಗೊತ್ತಲ್ಲ. "ನಾನು ಹೆಂಡತಿಯನ್ನು ಬಿಟ್ಟು ಬಂದವನಲ್ಲ!" ಎಂದು ಗರ್ಜಿಸಿದ್ದು ಎದುರಿನ ಪೆಟ್ರೋಲ್ ಬಂಕಿನವರೆಗೆ ಹೋಯಿತಂತೆ. ಅಲ್ಲಿದ್ದವರಿಗೆ 'ಹೆಂಡತಿಯನ್ನು ಬಿಟ್ಟು' ಎಂಬಷ್ಟೇ ಸಾಕಾಯಿತು. ಮರುದಿನ ಬೆಳಿಗ್ಗೆ ಮೀನು ಮಾರುವ ಬಾಗಿ ಅಂಗಳದಲ್ಲಿ ಬುಟ್ಟಿ ಇಳಿಸುತ್ತಲೇ, "ವನಜಕ್ಕಾ, ಅಯ್ಯ ಲಾಡ್ಜ್ ಹಿಡ್ದ್ರ್ ಅಂಬ್ರಲೆ, ಇವತ್ತ್ ಬಂಗ್ಡಿ ಒಬ್ರಿಗೇ ಸಾಕಾ?" ಎಂದಳು. ನಿನ್ನ ಅತ್ತಿಗೆ ನನ್ನ ಕಡೆ ತಿರುಗಿ, "ಹೋಪುದಾರೆ ಆ ಗಂಟ್ಲ್‌ನೂ ಒಟ್ಟಿಗ್ ತಕಂಡ್ ಹೋಯ್ನಿ" ಎಂದಳು. ಆ ದಿನ ನನಗೆ ಬಂಗುಡೆಯ ಬಾಲ ಮಾತ್ರ ಸಿಕ್ಕಿತು.

ಲಾಡ್ಜಿನ ವಿಷಯ ಅರ್ಧಕ್ಕೆ ನಿಂತಿತು. ಕೋಣೆ ಬೇಕಾದದ್ದು ನನಗಲ್ಲ, ನಿಮಗೆ ಎಂದು ತಿಳಿದ ಮೇಲೆ ಲೀಲಾಧರ ಕೋಣೆಗಿಂತ ಮೊದಲು ಬಚ್ಚಲು ತೋರಿಸಿದ. "ಬೊಂಬಾಯಿಯಿಂದ ಬಪ್ಪ ನಮ್ಮ ಪ್ರಾಯದವ್ರ್ ಏಸಿ ಕೇಂತಿಲ್ಲೆ ಭೋಜಣ್ಣ, ಕಮೋಡ್ ಇತ್ತಾ ಅಂದೇ ಕೇಂಬುದ್. ಸ್ವಂತ ಮನಿ ಇದ್ದವ್ರೂ ಅದ್ಕೇ ಇಲ್ಲಿಗ್ ಬತ್ರ್" ಎಂದ. ಬಾಡಿಗೆ ಎಷ್ಟೆಂದೂ ಕೇಳದೆ ನಾನು ಅಲ್ಲಿಂದ ಇಳಿದು ಬಂದೆ.

ಇನ್ನು ನೋಡುವ ಜಾಗ. ಮರವಂತೆಯಲ್ಲಿ ಕಾರು ನಿಲ್ಲಿಸಿ, ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ನಿಶ್ಮಿತಾಳಿಗೆ ತೋರಿಸು. ಕಿರಿಮಂಜೇಶ್ವರದಲ್ಲಿ ಕೈಮುಗಿದು ಬೈಂದೂರಿಗೆ ಸಂಜೆಯೊಳಗೆ ಹೋದರೆ ಸೂರ್ಯ ಮುಳುಗುವುದು ಸಿಗುತ್ತದೆ; ಅಂಥ ಲೈಟಿಂಗು ನಮ್ಮ ಯಾವ ನಾಟಕಕ್ಕೂ ಸಿಗಲಿಲ್ಲ. ಕೊಲ್ಲೂರಿಗೆ ಬೆಳಿಗ್ಗೆ ಬೇಗ ಹೋಗಿ, ತಡವಾದರೆ ಸಾಲಿನಲ್ಲಿ ಕಾಲು ನೋಯುತ್ತದೆ. ಬ್ರಹ್ಮಾವರದ ಕಡೆ ಹೋದರೆ ಬಾರ್ಕೂರಿನ ಹಳೆಯ ಗುಡಿಗಳಿವೆ. ಹಟ್ಟಿಯಂಗಡಿಯ ಗಣಪತಿಗೆ ಬರದೆ ಹೋಗಬೇಡಿ. ಅಲ್ಲಿಯವರೆಗೆ ಬಂದವರು ನಮ್ಮ ಗೇಟಿನ ಮುಂದೆ ಹಾದುಹೋಗಲೇಬೇಕು, ಬೇರೆ ದಾರಿ ಇಲ್ಲ.

ಉಲ್ಲಾಸ್, ನಿಶ್ಮಿತಾಗೆ ನನ್ನ ಆಶೀರ್ವಾದ. ವನಜ ನೆನಪು ಹೇಳಿದ್ದಾಳೆ. ಒಣ ಸಿಗಡಿ ತೆಗೆದಿಟ್ಟಿದ್ದಾಳೆ, ಲಾಡ್ಜಿಗೆ ಕಳಿಸುವುದೋ ಹೇಗೋ ತಿಳಿಸು.

ನಿನ್ನ ಅಣ್ಣಯ್ಯ,
ಭೋಜರಾಜ

ವಿ.ಸೂ.: ಕಾಗದ ಅಂಟಿಸುವಾಗ ನೆನಪಾಯಿತು. ಫೋಟೋದಲ್ಲಿ ನೀನು ಕುರ್ಚಿಯಲ್ಲಿ ಯಾಕೆ ಕೂತದ್ದು ಎಂದು ನನಗೆ ಲೀಲಾಧರನ ಬಚ್ಚಲಿನಲ್ಲಿ ಗೊತ್ತಾಯಿತು. ನೀನು ಹೇಳಲಿಲ್ಲ, ನಾನೂ ಕೇಳುವುದಿಲ್ಲ. ನಿನ್ನೆ ಗೂಡ್ಸ್ ರಿಕ್ಷಾದಲ್ಲಿ ಕಮೋಡ್ ಬಂತು. ನಿನ್ನ ಕೋಣೆಯ ಪಕ್ಕದಲ್ಲೇ ಮೇಸ್ತ್ರಿ ಮುತ್ತ ಕೂರಿಸಿದ್ದಾನೆ, ಸಿಮೆಂಟು ಒಣಗುತ್ತಿದೆ. ನಾನು ನೋಡಿದ ಯಾವ ಲಾಡ್ಜಿನಲ್ಲೂ ಹಿಡಿದುಕೊಂಡು ಏಳಲಿಕ್ಕೆ ಗೋಡೆಯಲ್ಲಿ ಸರಳು ಇರಲಿಲ್ಲ. ನೋವು ಯಾವ ಮಂಡಿಯದ್ದೆಂದು ಗೊತ್ತಿಲ್ಲದೆ ಎರಡೂ ಬದಿಗೆ ಹಾಕಿಸಿದ್ದೇನೆ.