ಅಪ್ಪ ಗುರುತು ಹಾಕಿದ ಮೂಲೆಗಳು

ನಮ್ಮ ಮರಗೆಲಸದ ಶೆಡ್ಡಿನಿಂದ
ಶುಕ್ರವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲ ಕೆಲಸ ಸಿಕ್ಕರೆ ಹಸಿವೇ ಮರೆಯುವ ಚಾಳಿ ಅಲ್ಲೂ ಮುಂದುವರಿದಿದೆಯೋ? ಹೆಬ್ಬೆರಳಿನ ಗಾಯ ಮಾಗಿತೇ? ಇಲ್ಲಿ ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನಮ್ಮನಿಗೆ ಮಂಡಿನೋವು, ಬಾಯಿಗೇನೂ ನೋವಿಲ್ಲ. ಎರಡು ದಿನದಿಂದ ನಿನ್ನ ಫೋನು ಸಿಗುತ್ತಿಲ್ಲ, ಶಾಲೆಯ ಫೋನು ಎತ್ತುವವರಿಲ್ಲ. ಅದಕ್ಕೇ ಈ ಕಾಗದವನ್ನು ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೇನೆ. ಓದಿ ಮುಗಿಸುವ ತನಕ, ಆ ಶಾಲೆಯ ಸಭಾಂಗಣದಲ್ಲಿ ನೀನು ನಿಲ್ಲಿಸಿದ ಮರದ ಬಾಲ್ಕನಿಗೆ ಒಂದು ನರಪಿಳ್ಳೆಯನ್ನೂ ಹತ್ತಿಸಬೇಡ.

ಬುಧವಾರ ಚಹಾ ಹಿಡಿದು ಹೊಸ ಬೆಂಚಿನ ಮೇಲೆ ಕೂತೆ. ಮೂಲೆ ಬಾಯಿಬಿಟ್ಟಿತು, ನಾನು ಚಹಾ ಸಮೇತ ನೆಲಕ್ಕೆ ಬಿದ್ದೆ. ನಿನ್ನಮ್ಮ ನಕ್ಕೂ ನಕ್ಕೂ ಸುಸ್ತಾದಳು. ನಾನೂ ನಗುತ್ತಲೇ ಬಗ್ಗಿ ನೋಡಿದೆ, ಆಮೇಲೆ ನಗು ಬರಲಿಲ್ಲ. ಪಟ್ಟಿಯ ತುದಿಯ ನಾಲಿಗೆ ಎದುರು ಪಟ್ಟಿಯ ತೂತಿನ ತಳದವರೆಗೆ ಹೋಗಿ ಕೂರಬೇಕಲ್ಲವೇ? ಇದು ಅರ್ಧಕ್ಕೇ ನಿಂತಿತ್ತು, ಉಳಿದ ಜಾಗದಲ್ಲಿ ಬರೀ ಅಂಟು. ನಾಲಿಗೆ ಕೊಯ್ಯುವ ಮೆಷಿನ್ನಿನ ಅಳತೆ ಯಾವಾಗಲೋ ಜಾರಿದೆ, ಬಾಲ್ಕನಿಯ ಚೌಕಟ್ಟುಗಳನ್ನು ಕೊಯ್ದದ್ದೂ ಅದರಲ್ಲೇ. ಹೊರಗಿನಿಂದ ನೋಡಿದರೆ ಕೂದಲು ತೂರುವಷ್ಟೂ ಸಂದಿಲ್ಲ, ಕೆಳಗೆ ನನ್ನದೇ ಪೆನ್ಸಿಲ್ ಗುರುತು.

ನಮ್ಮ ಶೆಡ್ಡಿನ ಪದ್ಧತಿ ನಿನಗೆ ಹೇಳಬೇಕೇ? ನಿನ್ನ ಅಜ್ಜನ ಕಾಲದಿಂದ ಕೊಡತಿಯ ಹಿಡಿಯಲ್ಲಿ ಮೂಲೆ ತಟ್ಟಿ ಕಿವಿಗೊಡುವವನು ಹಿರಿಯನೊಬ್ಬನೇ. ಗಟ್ಟಿ ಮೂಲೆ ಟಕ್ ಅನ್ನುತ್ತದೆ, ಅದಕ್ಕೆ ಅವನು ಪೆನ್ಸಿಲ್ ಗುರುತು ಹಾಕುತ್ತಾನೆ; ಟೊಳ್ಳು ಮೂಲೆ ಡಬ್ ಅನ್ನುತ್ತದೆ. ಗುರುತು ಬಿದ್ದ ಮೇಲೆ ಇನ್ನೊಬ್ಬರು ತಟ್ಟಿದರೆ ಹಿರಿಯನಿಗೆ ಅವಮಾನ. ಬೆಂಚಿನ ಉಳಿದ ಮೂಲೆಗಳನ್ನು ತಟ್ಟಿದೆ, ಎಲ್ಲವೂ ಒಂದೇ ಥರ ಕೇಳಿಸಿದವು. ನಿನ್ನಮ್ಮನನ್ನು ಕರೆದೆ. "ಇದು ಡಬ್ ಅಂತಿದೆಯಲ್ರೀ, ನಿಮಗೆ ಗೊತ್ತಾಗಲ್ವಾ?" ಅಂದಳು. ನನಗೆ ಗೊತ್ತಾಗಲಿಲ್ಲ. ಮಾತು ಕೇಳುತ್ತದೆ ಮಗಳೇ, ಮರದ ಸದ್ದಿನ ವ್ಯತ್ಯಾಸ ಕೇಳುವುದಿಲ್ಲ. ಬಾಲ್ಕನಿಗೆಂದು ಮಾಡಿದ್ದರಲ್ಲಿ ಹೆಚ್ಚಾಗಿ ಉಳಿದ ಒಂದು ಚೌಕಟ್ಟು ಇಲ್ಲೇ ಗೋಡೆಗೆ ಒರಗಿದೆ. ಅದನ್ನೂ ಅವಳ ಕೈಯಲ್ಲೇ ತಟ್ಟಿಸಿದೆ. ನಾಲ್ಕು ಮೂಲೆಗಳಲ್ಲಿ ಎರಡು ಟೊಳ್ಳು. ಅದರ ಜೊತೆಯ ಹನ್ನೊಂದನ್ನು ನೀನು ಅಲ್ಲಿ ಜೋಡಿಸಿ ನಿಲ್ಲಿಸಿದ್ದೀಯ. ಭಾನುವಾರ ಅರವತ್ತು ಮಕ್ಕಳು ಅದರ ಮೇಲೆ ನಿಂತು ಹಾಡುತ್ತಾರೆ. ಮಕ್ಕಳು ಸುಮ್ಮನೆ ನಿಂತು ಹಾಡುವುದಿಲ್ಲ, ತಾಳಕ್ಕೆ ಸರಿಯಾಗಿ ಕಾಲು ಕುಟ್ಟುತ್ತಾರೆ.

ಕಾಗದ ಸಿಕ್ಕ ಕೂಡಲೇ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿಸು, ಕೆಳಗಿನ ಕುರ್ಚಿಗಳನ್ನು ತೆಗೆಸು. ಮೂಲೆ ಮೂಲೆಗೂ ಕಂಬ ಕೊಡು, ಆಮೇಲೆ ನೀನೇ ತಟ್ಟು. ನನ್ನ ಗುರುತಿಗೆ ಮರ್ಯಾದೆ ಕೊಡಬೇಡ. ಹೆಡ್‌ಮಾಸ್ಟರು ಕೂಗಾಡಿದರೆ ಅಪ್ಪನಿಗೆ ಅರಳುಮರಳು ಅಂದುಬಿಡು, ನನಗೇನೂ ಬೇಜಾರಿಲ್ಲ. ಇವತ್ತಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ, ನಾಳೆಯದಕ್ಕೆ ನಾನೂ ಹೊರಡುತ್ತೇನೆ. ನನಗೆ ತುಂಬಾ ಭಯವಾಗಿದೆ.

ನಿನ್ನ ಕೈಗಳು ಗಟ್ಟಿಯಾಗಿರಲಿ, ಯಾವ ಮರವೂ ನಿನ್ನ ಮೇಲೆ ಮುನಿಯದಿರಲಿ. ನಿನ್ನಮ್ಮನ ಹರಕೆಯೂ ಇದರ ಜೊತೆಗಿದೆ.

ನಿನ್ನ
ಅಪ್ಪ

ವಿ.ಸೂ.: ಬಸ್ಸು ಬಂತಂತೆ. ಕಿವಿಯ ವಿಷಯ ಬುಧವಾರವಷ್ಟೇ ಗೊತ್ತಾಯಿತು ಅನ್ನುವ ಹಾಗೆ ಮೇಲೆ ಬರೆದಿದ್ದೇನೆ, ಅದು ಸುಳ್ಳು. ಕಿವಿ ಕೈಕೊಟ್ಟು ವರ್ಷವಾಯಿತು, ಯಾರಿಗೂ ಹೇಳಲಿಲ್ಲ. ಮೂರನೇ ನಂಬರಿನ ಚೌಕಟ್ಟನ್ನು ಲಾರಿಗೆ ಏರಿಸುವಾಗ ನೀನು "ಅಪ್ಪಾ, ಈ ಮೂಲೆ ಯಾಕೋ ಬೇರೆ ಥರ ಕೇಳ್ತಿದೆ" ಅಂದೆ. ಕೆಲಸದವರ ಎದುರಿಗೇ ನಿನ್ನ ಮೇಲೆ ಹರಿಹಾಯ್ದೆ. ನೀನು ಅದನ್ನು ಹಾಗೇ ಲಾರಿಗೆ ಏರಿಸಿದೆ. ಆ ಮೂಲೆ ಟಕ್ ಅಂದಿತೋ ಡಬ್ ಅಂದಿತೋ ಅವತ್ತು ನನಗೆ ಗೊತ್ತೇ ಆಗಿರಲಿಲ್ಲ. ಮೊದಲ ಕಂಬವನ್ನು ಅಲ್ಲಿಗೇ ಕೊಡಿಸು. ನೀನು ಮಾತ್ರ ಅದರ ಕೆಳಗೆ ನಿಲ್ಲಬೇಡ.